ಮ್ಯೂನಿಕ್‌ಗೆ ಅಪ್ಪ-ಅಮ್ಮ ಬರುತ್ತಿದ್ದಾರಾ? ಟಿಕೆಟ್ ಇದ್ದರೂ 60 ಯೂರೋ ದಂಡ ಬೀಳುತ್ತೆ, ಹುಷಾರು

ಮಕ್ಕಳ ಮನೆಗೆಂದು ಮ್ಯೂನಿಕ್‌ಗೆ ಬರುವ ಹಿರಿಯರು ಇಲ್ಲಿ ಕಾರು ಮುಟ್ಟದಿರುವುದೇ ಒಳ್ಳೆಯದು. ಎಡಗಡೆ ಸ್ಟೀರಿಂಗ್, ರಸ್ತೆಯ ಬಲಬದಿಯ ಓಡಾಟ, ಆ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಉಸಾಬರಿ ಯಾಕೆ? ಯು-ಬಾನ್ ಎಂಬ ಮೆಟ್ರೋ, ಟ್ರಾಮ್, ಬಸ್ಸು ಧಾರಾಳವಾಗಿವೆ. ಆದರೆ ಪ್ರಾಮಾಣಿಕವಾಗಿ ದುಡ್ಡು ಕೊಟ್ಟವರೂ ದಂಡ ತೆರುವುದು ಅಲ್ಲೇ.

ಆಗುವುದು ಹೀಗೆ. ಯಂತ್ರದಿಂದ ಟಿಕೆಟ್ ತೆಗೆದು, ಜೋಪಾನವಾಗಿ ಪರ್ಸಿನಲ್ಲಿಟ್ಟು ರೈಲು ಹತ್ತುತ್ತಾರೆ. ನಮ್ಮ ಮೆಟ್ರೋದ ಹಾಗೆ ಗೇಟಿಲ್ಲ, ಬಿಎಂಟಿಸಿಯ ಹಾಗೆ ಕಂಡಕ್ಟರ್ ಇಲ್ಲ. ತಡೆಯುವವರೇ ಇಲ್ಲದಿದ್ದರೆ ಎಲ್ಲ ಸರಿಯಿದೆ ಅಂತಲೇ ಅನ್ನಿಸುತ್ತದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ, ಜೀನ್ಸ್ ತೊಟ್ಟು ಪಕ್ಕದಲ್ಲೇ ನಿಂತಿದ್ದವರು ಗುರುತಿನ ಚೀಟಿ ತೋರಿಸಿ ಟಿಕೆಟ್ ಕೇಳುತ್ತಾರೆ. ಟಿಕೆಟ್ ಇದೆ, ಹತ್ತುವ ಮುಂಚೆ ಹೊಡೆಸಬೇಕಿದ್ದ ತಾರೀಖು-ಸಮಯದ ಠಸ್ಸೆ ಇಲ್ಲ. ತಲಾ 60 ಯೂರೋ. ‘ಈಗಷ್ಟೇ ಕೊಂಡಿದ್ದು’ ಅಂದರೆ ನಡೆಯುವುದಿಲ್ಲ. ಠಸ್ಸೆ ಬೀಳದ ಟಿಕೆಟ್ಟನ್ನು ನಾಳೆಯೂ ಬಳಸಬಹುದಲ್ಲ, ಅವರ ತಕರಾರು ಅದೇ.

ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆಯೇ ಠಸ್ಸೆ ಹೊಡೆಯುವ ಪುಟ್ಟ ನೀಲಿ ಪೆಟ್ಟಿಗೆ ಇರುತ್ತದೆ. ಬಸ್ಸು, ಟ್ರಾಮಿನಲ್ಲಾದರೆ ಒಳಗಡೆ. ಟಿಕೆಟ್ಟಿನ ತುದಿ ತೂರಿಸಿ, ಹೊರಗೆ ತೆಗೆದು, ತಾರೀಖು-ಸಮಯ ಮೂಡಿದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಬೇಕು. ಶ್ಟ್ರೈಫನ್‌ಕಾರ್ಟೆ, ಅಂದರೆ ಪ್ರಯಾಣಕ್ಕೆ ಇಷ್ಟಿಷ್ಟೆಂದು ಬಳಸುವ ಹತ್ತು ಪಟ್ಟಿಯ ಚೀಟಿ, ಇನ್ನೂ ತೊಡಕಿನದು. ನಗರದೊಳಗೆ ದೊಡ್ಡವರೊಬ್ಬರಿಗೆ ಸಾಮಾನ್ಯವಾಗಿ ಎರಡು ಪಟ್ಟಿ ಬೇಕು. ಚೀಟಿ ಮಡಚಿ ಎರಡನೆಯ ಪಟ್ಟಿಯ ಮೇಲೆ ಠಸ್ಸೆ ಹೊಡೆಸಬೇಕು. ಮೊದಲನೆಯದಕ್ಕೆ ಹೊಡೆಸಿದರೆ ಒಂದೇ ಪಟ್ಟಿ ಕೊಟ್ಟ ಲೆಕ್ಕ. ಫ್ರಾಂಕ್‌ಫರ್ಟಿನ ನೆಂಟರು ‘ಠಸ್ಸೆಗಿಸ್ಸೆ ಏನೂ ಬೇಡ’ ಅಂದರೆ ನಂಬಿಬಿಡಬೇಡಿ. ಅಲ್ಲಿ ಯಂತ್ರದ ಟಿಕೆಟ್ ಕೊಂಡ ಕ್ಷಣದಿಂದಲೇ ಚಾಲ್ತಿಗೆ ಬರುತ್ತದೆ, ಇಲ್ಲಿ ಹಾಗಲ್ಲ.

ಬಿಡಿ ಟಿಕೆಟ್ ಒಂದೇ ದಿಕ್ಕಿಗೆ. ಸಮಯ ಉಳಿದಿದೆಯೆಂದು ಅದರಲ್ಲೇ ವಾಪಸ್ ಬಂದರೂ ದಂಡ. ಗಂಡ-ಹೆಂಡತಿ ದಿನವಿಡೀ ಸುತ್ತುವುದಾದರೆ ಗುಂಪಿನ ದಿನದ ಟಿಕೆಟ್ ಸಲೀಸು: ಐದು ಜನ ದೊಡ್ಡವರ ತನಕ ಒಂದೇ ಟಿಕೆಟ್, ಮರುದಿನ ಬೆಳಗಿನ 6ರವರೆಗೆ.

ತಿಂಗಳುಗಟ್ಟಲೆ ಇರುವವರಿಗೆ ಡಾಯ್ಚ್‌ಲಾಂಡ್ ಟಿಕೆಟ್ ಎಂಬ, ಜರ್ಮನಿಯ ಊರೂರಿನ ಬಸ್ಸು-ರೈಲಿಗೆಲ್ಲ ನಡೆಯುವ ತಿಂಗಳ ಪಾಸ್ ಇದೆ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಇದು ತಾನಾಗಿಯೇ ಮುಂದುವರಿಯುವ ಚಂದಾ. ಹೊರಡುವ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಅಪ್ಪ-ಅಮ್ಮ ಊರು ಸೇರಿದ ಮೇಲೂ ದುಡ್ಡು ಕಟ್ ಆಗುತ್ತದೆ. ಐಸಿಇ, ಐಸಿ ಎಂಬ ವೇಗದ ರೈಲುಗಳಲ್ಲಿ ಇದು ನಡೆಯುವುದಿಲ್ಲ. ಟಿಕೆಟ್ ಅವರವರ ಹೆಸರಿನಲ್ಲಿರುವುದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಟಿಕೆಟ್ ಫೋನಿನಲ್ಲಿದ್ದರೆ, ಚಾರ್ಜ್ ಮುಗಿದ ಮೇಲೆ ತೋರಿಸಲು ಏನೂ ಇರುವುದಿಲ್ಲ, ಪವರ್ ಬ್ಯಾಂಕ್ ಮರೆಯಬೇಡಿ.

ಎಸ್1 ಎಂಬ ಉಪನಗರ ರೈಲಿನಲ್ಲಿ ವಿಮಾನ ನಿಲ್ದಾಣಕ್ಕೆ ಹೊರಟವರು ಇನ್ನೊಂದು ಗಮನಿಸಿ. ನೊಯ್‌ಫಾರ್ನ್ ನಿಲ್ದಾಣದಲ್ಲಿ ಅದು ಎರಡು ಪಾಲಾಗುತ್ತದೆ, ಒಂದು ಪಾಲು ಫ್ರೈಸಿಂಗ್ ಎಂಬ ಬೇರೆ ಊರಿಗೆ ಹೋಗುತ್ತದೆ. ಹತ್ತುವಾಗಲೇ ಆ ಬೋಗಿಯ ಫಲಕದಲ್ಲಿ ‘ಫ್ಲುಗ್‌ಹಾಫನ್’ (ವಿಮಾನ ನಿಲ್ದಾಣ) ಎಂದಿದೆಯೇ ನೋಡಿಕೊಳ್ಳಿ. ಸೂಟ್‌ಕೇಸ್ ಎಳೆದುಕೊಂಡು ಕೊನೆ ಗಳಿಗೆಯಲ್ಲಿ ಬೋಗಿ ಬದಲಿಸುವುದು ಮಂಡಿ ನೋವಿನವರಿಗೆ ಆಗುವ ಕೆಲಸವಲ್ಲ.

ಸಿಕ್ಕಿಬಿದ್ದರೆ ವಾದಕ್ಕಿಳಿಯಬೇಡಿ. ಚೀಟಿ ಬರೆಸಿಕೊಳ್ಳಿ, ಹಣವನ್ನು ಮಕ್ಕಳು ಆಮೇಲೆ ಬ್ಯಾಂಕಿನಿಂದ ಕಟ್ಟಬಹುದು. ಸ್ವಂತ ಹೆಸರಿನ ಪಾಸ್ ಮನೆಯಲ್ಲಿ ಮರೆತಿದ್ದರೆ, ಗಡುವಿನೊಳಗೆ ಕಚೇರಿಗೆ ತೋರಿಸಿದಾಗ ದಂಡ ಸಣ್ಣ ಶುಲ್ಕಕ್ಕೆ ಇಳಿಯುತ್ತದೆ. ಠಸ್ಸೆಯಿಲ್ಲದ ಬಿಡಿ ಟಿಕೆಟ್‌ಗೆ ಆ ರಿಯಾಯಿತಿ ಇಲ್ಲ.