ಅಂಗಡಿ ಕಂಪ್ಯೂಟರಿನ ಪಾರ್ಟಿ ಪಟ್ಟಿ ಮೊಬೈಲಿಗೆ: ಗೂಗಲ್ ಕಾಂಟ್ಯಾಕ್ಟ್ಸ್ ಎಷ್ಟು ಕೆಲಸಕ್ಕೆ ಬರುತ್ತದೆ?

ಬೆಳಗಾವಿ ರವಿವಾರ ಪೇಟೆಯ ಸಗಟು ಅಂಗಡಿ ಇರಲಿ, ವಿಜಯಪುರದ ಒಣದ್ರಾಕ್ಷಿ ದಲಾಲಿ ಇರಲಿ, ಇಳಕಲ್ಲ ಸೀರೆ ಇಲ್ಲವೇ ಗುಳೇದಗುಡ್ಡ ಖಣದ ವ್ಯಾಪಾರ ಇರಲಿ, ಗಿರಾಕಿಗಳ ನಂಬರು ಸಾಮಾನ್ಯವಾಗಿ ಅಂಗಡಿ ಕಂಪ್ಯೂಟರಿನ ಎಕ್ಸೆಲ್ ಶೀಟಿನಲ್ಲೋ ಟ್ಯಾಲಿಯಲ್ಲೋ ಇರುತ್ತವೆ. ಉದ್ರಿ ವಸೂಲಿಗೆ ಹೊರಟಾಗ ಅವು ಮೊಬೈಲಿನಲ್ಲಿ ಬೇಕು. ಒಂದೊಂದಾಗಿ ಕೈಯಲ್ಲಿ ಹಾಕುವ ಕೆಲಸ ಬೇಕಿಲ್ಲ, ಇದಕ್ಕೆಂದು ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವುದೂ ಬೇಕಿಲ್ಲ. ಗೂಗಲ್ ಕಾಂಟ್ಯಾಕ್ಟ್ಸ್‌ನ ಇಂಪೋರ್ಟ್ (ಫೈಲಿನಿಂದ ಹೆಸರುಗಳನ್ನು ಒಟ್ಟಿಗೆ ಏರಿಸುವ) ಸೌಲಭ್ಯ ಪುಕ್ಕಟೆ ಇದೆ, ಕೆಲಸವನ್ನೂ ಚೊಕ್ಕವಾಗಿ ಮಾಡುತ್ತದೆ. 5ಕ್ಕೆ 4 ಅಂಕ ಕೊಡಬಹುದು. ಆ ಒಂದು ಅಂಕ ಯಾಕೆ ಹೋಯಿತೆಂದು ಮುಂದೆ ಹೇಳುತ್ತೇವೆ.

ಕಂಪ್ಯೂಟರಿನ ಬ್ರೌಸರಿನಲ್ಲಿ ಕಾಂಟ್ಯಾಕ್ಟ್ಸ್ ಡಾಟ್ ಗೂಗಲ್ ಡಾಟ್ ಕಾಮ್ ತೆರೆದು, ಮೊಬೈಲಿನಲ್ಲಿ ಯಾವ ಜಿಮೇಲ್ ಇದೆಯೋ ಅದರಿಂದಲೇ ಲಾಗಿನ್ ಆಗಿ. ಅಂಗಡಿಯ ಜಿಮೇಲ್ ಒಂದು, ಫೋನಿನದು ಇನ್ನೊಂದು ಆಗಿದ್ದರೆ ಎಲ್ಲ ಸರಿಯಾಗಿ ಏರಿದರೂ ಫೋನಿನಲ್ಲಿ ಒಂದು ಹೆಸರೂ ಕಾಣುವುದಿಲ್ಲ. ಎಡಬದಿಯ ಇಂಪೋರ್ಟ್ ಒತ್ತಿ ಫೈಲ್ ಆರಿಸಿದರೆ ಮುಗಿಯಿತು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ ಫೈಲ್) ಮತ್ತು ವಿಕಾರ್ಡ್ (ಹೆಸರು, ನಂಬರು ಇಡುವ ಫೋನ್ ಫೈಲ್) ಎರಡನ್ನೂ ತೆಗೆದುಕೊಳ್ಳುತ್ತದೆ. ಒಂದು ಸಲಕ್ಕೆ 3,000 ಹೆಸರು, ಒಂದು ಖಾತೆಗೆ ಒಟ್ಟು 25,000 ಎಂಬ ಮಿತಿ ಇದೆ. ಪಟ್ಟಿ ದೊಡ್ಡದಿದ್ದರೆ ಫೈಲನ್ನು ತುಂಡು ಮಾಡಿ ಹಾಕಿ.

ಕೆಡುವುದು ಇದಕ್ಕೂ ಮೊದಲು, ಎಕ್ಸೆಲ್‌ನಲ್ಲಿ. ಅಲ್ಲಿ ತಾಳ್ಮೆಯಿಂದ ಕೂತರೆ ಉಳಿದದ್ದು ಐದು ನಿಮಿಷದ ಕೆಲಸ.

ಎಕ್ಸೆಲ್ ಫೋನ್ ನಂಬರನ್ನು ಲೆಕ್ಕದ ಸಂಖ್ಯೆ ಎಂದು ತಿಳಿಯುತ್ತದೆ. 0831ರಿಂದ ಶುರುವಾಗುವ ಬೆಳಗಾವಿ ಲ್ಯಾಂಡ್‌ಲೈನ್ ಹಾಕಿದರೆ ಮುಂದಿನ ಸೊನ್ನೆ ಹಾರಿಸಿಬಿಡುತ್ತದೆ. +91 ಹಾಕಿದರೆ ಪ್ಲಸ್ ಚಿಹ್ನೆ ಹೋಗುತ್ತದೆ. 91 ಸೇರಿ 12 ಅಂಕಿ ಆದ ನಂಬರು 9.19ಇ+11 ಎಂದು ಕಾಣುತ್ತದೆ. ಮೂಲ ಎಕ್ಸೆಲ್ ಫೈಲಿನಲ್ಲಿ ಅಂಕಿಗಳು ಇನ್ನೂ ಒಳಗೆ ಇರುತ್ತವೆ. ಆದರೆ ಹಾಗೇ ಸಿಎಸ್‌ವಿಗೆ ಸೇವ್ ಮಾಡಿದರೆ ಪರದೆಯ ಮೇಲೆ ಕಂಡದ್ದಷ್ಟೇ ಬರೆಯಲ್ಪಡುತ್ತದೆ, ಉಳಿದ ಅಂಕಿ ಮತ್ತೆ ಸಿಗುವುದಿಲ್ಲ. ಆದ್ದರಿಂದ ಮೂಲ ಫೈಲ್ ಮುಟ್ಟದೆ ಒಂದು ನಕಲು ಮಾಡಿಕೊಳ್ಳಿ. ಅದರಲ್ಲಿ ಒಂದು ಹೊಸ ಕಾಲಮ್ ತೆಗೆದು, ಬಲಗಡೆಯ ಅಂಕಿ ತೆಗೆಯುವ ರೈಟ್ (RIGHT) ಫಾರ್ಮುಲಾದಿಂದ ನಂಬರಿನ ಕೊನೆಯ 10 ಅಂಕಿ ತೆಗೆದು ಮುಂದೆ +91 ಜೋಡಿಸಿ. ಅಂಕಿಗಳ ನಡುವೆ ಜಾಗ ಅಥವಾ ಅಡ್ಡಗೆರೆ ಇದ್ದರೆ ಮೊದಲು ತೆಗೆದುಹಾಕಿ. ಈ ಲೆಕ್ಕ ಲ್ಯಾಂಡ್‌ಲೈನಿಗೂ ಹೊಂದುತ್ತದೆ: ಬೆಳಗಾವಿಯ 831ರ ಮುಂದೆ 7 ಅಂಕಿ, ವಿಜಯಪುರದ 8352 ಮತ್ತು ಬಾಗಲಕೋಟೆಯ 8354ರ ಮುಂದೆ 6 ಅಂಕಿ, ಎಲ್ಲ ಕೂಡಿದರೆ 10. ಎಸ್‌ಟಿಡಿ ಕೋಡ್ ಇಲ್ಲದೆ ಬರೆದಿಟ್ಟ ಹಳೆಯ ಲ್ಯಾಂಡ್‌ಲೈನ್‌ಗಳಿಗೆ ಮಾತ್ರ ಕೋಡನ್ನು ಕೈಯಿಂದ ಸೇರಿಸಬೇಕು.

ಶೀಟಿನ ಒಂದೇ ಮನೆಯಲ್ಲಿ (ಸೆಲ್ಲಿನಲ್ಲಿ) ಎರಡು ನಂಬರು, ನಡುವೆ ಓರೆಗೆರೆ: ನಮ್ಮ ಕಡೆಯ ಪಾರ್ಟಿ ಪಟ್ಟಿಗಳಲ್ಲಿ ಇದು ಬಹಳ. ಹಾಗೇ ಏರಿಸಿದರೆ ಎರಡೂ ಕೂಡಿ ಒಂದೇ ಉದ್ದ ನಂಬರಾಗಿ ಕೂರುತ್ತವೆ, ಕಾಲ್ ಹೋಗುವುದಿಲ್ಲ. ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಓರೆಗೆರೆ ಕೊಟ್ಟು ಎರಡು ಕಾಲಮ್ ಮಾಡಿ. ಕೊನೆಯ ಹಂತದಲ್ಲಿ ಎರಡೂ ಕಾಲಮ್ಮಿಗೆ ಟೆಕ್ಸ್ಟ್ ಎಂದು ಆರಿಸುವುದನ್ನು ಮರೆಯಬೇಡಿ. +91 ಜೋಡಿಸುವ ಕೆಲಸ ಇದಾದ ಮೇಲೆ, ಎರಡೂ ಕಾಲಮ್ಮಿಗೆ.

ಕನ್ನಡ ಹೆಸರುಗಳ ವಿಷಯದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ, ಸೇವ್ ಮಾಡುವಾಗ ಸಾದಾ ಸಿಎಸ್‌ವಿ ಆರಿಸಲಾಗಿದೆ. ಸೇವ್ ಆ್ಯಸ್ ಪಟ್ಟಿಯಲ್ಲಿ ಸಿಎಸ್‌ವಿ ಯುಟಿಎಫ್-8 ಎಂಬುದನ್ನು ಆರಿಸಿದರೆ ಕನ್ನಡವೂ ಉಳಿಯುತ್ತದೆ, ಬೆಳಗಾವಿ ಪಟ್ಟಿಗಳಲ್ಲಿ ಬರುವ ಮರಾಠಿ ಹೆಸರುಗಳೂ ಉಳಿಯುತ್ತವೆ. ಪ್ರಶ್ನಾರ್ಥಕದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಕಾರಣ ಹೆಚ್ಚಾಗಿ ಬೇರೆ: ಪಟ್ಟಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಆಗಿದೆ. ಆ ಫಾಂಟುಗಳಲ್ಲಿ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಯುನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಯುಟಿಎಫ್-8 ಇದನ್ನು ಸರಿಮಾಡುವುದಿಲ್ಲ. ಯುನಿಕೋಡ್ ಪರಿವರ್ತಕದಲ್ಲಿ ಹೆಸರಿನ ಕಾಲಮ್ ಮಾತ್ರ ಹಾಕಿ ಬದಲಿಸಿ, ಒತ್ತಕ್ಷರ ಸರಿ ಇದೆಯೇ ನೋಡಿಕೊಂಡು ವಾಪಸ್ ಅಂಟಿಸಿ.

ಅಂಕ ಕಳೆದದ್ದು ಕಾಲಮ್ ತಲೆಬರಹದ ವಿಷಯಕ್ಕೆ. ಗೂಗಲ್ ತನ್ನದೇ ತಲೆಬರಹಗಳನ್ನು ಇಂಗ್ಲಿಷಿನಲ್ಲಿ, ತಾನು ಬರೆದಂತೆಯೇ ಕೇಳುತ್ತದೆ. ಮೊಬೈಲ್ ನಂಬರ್ ಎಂದು ನಿಮ್ಮದೇ ತಲೆಬರಹ ಕೊಟ್ಟರೆ ಆ ಕಾಲಮ್ಮು ಫೋನ್ ನಂಬರಿನ ಜಾಗಕ್ಕೆ ಹೋಗುವುದಿಲ್ಲ. ಈ ತಲೆಬರಹಗಳನ್ನು ನಡುವೆ ಬದಲಿಸಿಯೂ ಇದ್ದಾರೆ, ಹಾಗಾಗಿ ಹಳೆಯ ವಿಡಿಯೋ ನೋಡಿ ಟೈಪ್ ಮಾಡುವುದು ಬೇಡ. ಎರಡು ನಂಬರಿರುವ ಒಂದು ಹೆಸರನ್ನು ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲೇ ಕೈಯಿಂದ ಸೇರಿಸಿ, ಅದನ್ನು ಗೂಗಲ್ ಸಿಎಸ್‌ವಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಬಂದ ಫೈಲಿನ ಮೊದಲ ಸಾಲನ್ನೇ ನಿಮ್ಮ ಪಟ್ಟಿಯ ತಲೆಬರಹವಾಗಿ ನಕಲು ಮಾಡಿ. ಹೆಸರಿನ ಜೊತೆ ಊರನ್ನೂ ಹಾಕಿ. ಬಸವರಾಜ ಪಾಟೀಲ ಎಂಬವರು ಇಂಡಿಯಲ್ಲೂ ಇರುತ್ತಾರೆ, ಜಮಖಂಡಿಯಲ್ಲೂ ಇರುತ್ತಾರೆ. ಮುಂದೆ ಒಂದೇ ಥರದ ಹೆಸರುಗಳನ್ನು ಕೂಡಿಸುವ ಮರ್ಜ್ ಆ್ಯಂಡ್ ಫಿಕ್ಸ್ ಇಬ್ಬರನ್ನೂ ಒಬ್ಬರೇ ಎಂದು ತೋರಿಸಿದಾಗ ನಂಬರು ನೋಡದೆ ಒಪ್ಪಬೇಡಿ.

ಸಿದ್ಧವಾದ ಸಿಎಸ್‌ವಿ ಫೈಲನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಲೇಬೇಡಿ. ತೆರೆದ ಕೂಡಲೇ ಪ್ಲಸ್ ಮತ್ತು ಸೊನ್ನೆ ಮತ್ತೆ ಹೋಗುತ್ತವೆ. ಪರೀಕ್ಷಿಸಲು ನೋಟ್‌ಪ್ಯಾಡ್ ಸಾಕು. ಲಿಬ್ರೆಆಫೀಸ್ ಕ್ಯಾಲ್ಕ್ ಇದ್ದರೆ ಇನ್ನೂ ಒಳ್ಳೆಯದು, ಅದು ತೆರೆಯುವ ಮೊದಲೇ ಯಾವ ಕಾಲಮ್ ಟೆಕ್ಸ್ಟ್ ಎಂದು ಹೇಳಲು ಅವಕಾಶ ಕೊಡುತ್ತದೆ.

ಮೊದಲು ಐದು ಹೆಸರಿನ ತುಂಡು ಫೈಲ್ ಏರಿಸಿ ನೋಡಿ. ಪ್ರತಿ ಇಂಪೋರ್ಟಿಗೂ ಗೂಗಲ್ ದಿನಾಂಕದ ಹೆಸರಿನ ಒಂದು ಲೇಬಲ್ ತಾನೇ ಹಚ್ಚುತ್ತದೆ. ಈ ಸೇವೆಯಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಪಟ್ಟಿ ತಪ್ಪಾಗಿ ಬಂದರೆ ಆ ಲೇಬಲ್ ಅಳಿಸುವಾಗ ಒಳಗಿನ ಹೆಸರುಗಳನ್ನೂ ಅಳಿಸು ಎಂದರೆ ಸಾಕು, ಹಳೆಯ ನಂಬರುಗಳಿಗೆ ಏನೂ ಆಗುವುದಿಲ್ಲ. ಇನ್ನೂ ದೊಡ್ಡ ಎಡವಟ್ಟಾದರೆ ಸೆಟ್ಟಿಂಗ್ಸ್‌ನ ಅನ್‌ಡು ಚೇಂಜಸ್ ಇದೆ, 30 ದಿನ ಹಿಂದಿನವರೆಗಿನ ಸ್ಥಿತಿಗೆ ಮರಳಬಹುದು.

ಏರಿದ ಮೇಲೂ ಫೋನಿನಲ್ಲಿ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಆ ಜಿಮೇಲಿನ ಕಾಂಟ್ಯಾಕ್ಟ್ಸ್ ಸಿಂಕ್ ಆನ್ ಇದೆಯೇ ನೋಡಿ. ಐಫೋನಿನಲ್ಲಿ ಗೂಗಲ್ ಖಾತೆ ಸೇರಿಸಿ ಅದರೊಳಗಿನ ಕಾಂಟ್ಯಾಕ್ಟ್ಸ್ ಗುಂಡಿ ಆನ್ ಮಾಡಬೇಕು.

ನೆಟ್ ಬೇಡ, ಕೇಬಲ್ಲಿನಿಂದಲೇ ಆಗಬೇಕು ಎನ್ನುವವರಿಗೆ ವಿಕಾರ್ಡ್ ದಾರಿ ಇದೆ. ಫೈಲನ್ನು ಯುಎಸ್‌ಬಿ ಮೂಲಕ ಫೋನಿಗೆ ಹಾಕಿ, ಕಾಂಟ್ಯಾಕ್ಟ್ಸ್ ಆ್ಯಪಿನಲ್ಲಿ ಇಂಪೋರ್ಟ್ ಕೊಡಿ. ಕಂಪ್ಯೂಟರಿಗೆ ಫೋನ್ ಕಾಣದಿದ್ದರೆ ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿ. ಆಗಲೂ ಕಾಣದಿದ್ದರೆ ಕೇಬಲ್ ಬದಲಿಸಿ, ಬರೀ ಚಾರ್ಜಿಂಗಿನ ಕೇಬಲ್ಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ವಿಕಾರ್ಡ್ ಮಾಡುವಾಗ 2.1 ಆವೃತ್ತಿಯ ಬದಲು 3.0 ಆರಿಸಿ. 2.1ರಲ್ಲಿ ಕನ್ನಡ ಹೆಸರು =ಇ0=ಬಿ2 ಎಂಬಂಥ ಸಂಕೇತವಾಗಿ ಕೂರುತ್ತದೆ, ಕೆಲವು ಆ್ಯಪ್‌ಗಳು ಅದನ್ನು ಬಿಡಿಸಲಾರವು. ಎಲ್ಲಿ ಉಳಿಸಲಿ ಎಂದು ಕೇಳಿದಾಗ ಡಿವೈಸ್ ಎಂದರೆ ಫೋನ್ ಕಳೆದ ದಿನ ನಂಬರುಗಳೂ ಹೋದಂತೆ. ಸಿಮ್‌ಗೆ ತುಂಬುವುದಂತೂ ಬೇಡ: ಹಳೆಯ ಸಿಮ್‌ಗಳಲ್ಲಿ 250ರ ಆಸುಪಾಸು ಹೆಸರಿಗಷ್ಟೇ ಜಾಗ, ಉದ್ದ ಕನ್ನಡ ಹೆಸರು ಅರ್ಧಕ್ಕೆ ಕತ್ತರಿಸುತ್ತದೆ.

ಸೈಬರ್ ಅಂಗಡಿಯಲ್ಲಿ ಈ ಕೆಲಸ ಮಾಡುವವರು ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲೇ ಲಾಗಿನ್ ಆಗಿ, ಏಳುವ ಮೊದಲು ಡೌನ್‌ಲೋಡ್ಸ್‌ನಲ್ಲೂ ಡೆಸ್ಕ್‌ಟಾಪ್‌ನಲ್ಲೂ ಉಳಿದ ಸಿಎಸ್‌ವಿ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ಅದರಲ್ಲಿರುವುದು ನಿಮ್ಮ ಅಷ್ಟೂ ಗಿರಾಕಿಗಳ ನಂಬರು.