‘ನೋ ಸಿಗ್ನಲ್’ ಅಂದರೆ ಟಿವಿ ಕೆಟ್ಟಿದೆ ಅಂತ ಅಲ್ಲ: ನನ್ನ 4,800 ರೂಪಾಯಿ ಹೋಯಿತು

ವಿಜಯಪುರದಲ್ಲಿ ನಮ್ಮ ಹಾಗೆ ಮುದುಕರಿಬ್ಬರೇ ಇರುವ ಮನೆಯವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆ ಆಗುತ್ತಿದೆ. 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಒಂದು ಬಟನ್ನಿಗೆ 4,800 ರೂಪಾಯಿ ಕೊಟ್ಟೆ. ಒಂದು ಬಟನ್ನಿಗೆ!

ರಜೆಗೆ ಬಂದ ಮೊಮ್ಮಗ ಟಿವಿಗೆ ಗೇಮಿನ ಡಬ್ಬಿ ಜೋಡಿಸಿ ಆಡಿದ್ದ. ಅವನು ಊರಿಗೆ ಹೋದ ಮೇಲೆ ಟಿವಿ ಹಚ್ಚಿದರೆ ಕಪ್ಪು ಪರದೆ, ಮೇಲೆ ‘ನೋ ಸಿಗ್ನಲ್’. ಏಳು ಗಂಟೆಗೆ ಇವಳ ಧಾರಾವಾಹಿ. ಟಿವಿಗೊಂದು ರಿಮೋಟ್, ಸೆಟ್‌ಟಾಪ್ ಬಾಕ್ಸಿಗೊಂದು. ಎರಡನ್ನೂ ಒತ್ತಿ ಒತ್ತಿ ಸಾಕಾಯಿತು.

ಫೋನಿನಲ್ಲಿ ಕಂಪನಿ ಹೆಸರು, ಕಸ್ಟಮರ್ ಕೇರ್ ಅಂತ ಹುಡುಕಿ ಮೊದಲು ಬಂದ ನಂಬರಿಗೆ ಹಚ್ಚಿದೆ. ಅಲ್ಲೇ ಎಡವಿದ್ದು. ನಾನು "ಪರದೆ ಕಪ್ಪು" ಅಂದರೆ ಅವನೂ "ಕಪ್ಪು ಅಲ್ರೀ" ಅಂದ. ಗೋಳಗುಮ್ಮಟದಲ್ಲಿ ಕೂಗಿದ ಹಾಗೆ ನನ್ನ ಮಾತೇ ನನಗೆ ವಾಪಸ್. ನಾನು ಅದನ್ನೇ ಜಾಣತನ ಅಂದುಕೊಂಡೆ.

ಮರುದಿನ ಒಬ್ಬ ಹುಡುಗ ಬಂದ. "ಕಾಕಾ, ಟಿವಿ ಒಳಗಿನ ಬೋರ್ಡ್ ಹೋಗೈತ್ರಿ, ಹೊಸಾದು ಹಾಕಬೇಕ್ರಿ." ಹಿಂದಿನ ಸ್ಕ್ರೂ ಬಿಚ್ಚಿದ. ಕುಡಿಯಲು ನೀರು ಕೇಳಿದ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಟಿವಿ ಹತ್ತಿತ್ತು! ಇವಳು ಖುಷಿಯಾಗಿ ರೊಟ್ಟಿ, ಶೇಂಗಾ ಚಟ್ನಿ ಬೇರೆ ಬಡಿಸಿದಳು. ದುಡ್ಡು ಹಾಕುವಾಗ ಫೋನಿನಲ್ಲಿ ಯಾರದೋ ಹೆಸರು ಬಂತು. ಕಂಪನಿ ಹೆಸರಿಲ್ಲವಲ್ಲ ಅಂದೆ. "ನಮ್ಮ ಮ್ಯಾನೇಜರದ್ರಿ." ಬಿಲ್? "ವಾಟ್ಸಾಪ್‌ನಾಗ ಕಳಸ್ತೀನ್ರಿ." ನೋಡಿ, ಅನುಮಾನ ಬಂದಿತ್ತು. ಬಂದರೂ ಪಿನ್ ಒತ್ತಿದೆ.

ಮೂರು ವಾರಕ್ಕೆ ಮತ್ತೆ ‘ನೋ ಸಿಗ್ನಲ್’. ಫೋನ್ ಮಾಡಿದರೆ, "ಕರೆಂಟ್ ಏರುಪೇರು ಆಗಿ ಆ ಬೋರ್ಡೂ ಸುಟ್ಟಿರಬೇಕ್ರಿ. ಈ ಸಲ ನಿಮಗ 500 ಕಡಿಮಿ ಮಾಡ್ತೀನಿ."

ಆಗ ಮಗಳಿಗೆ ವಿಡಿಯೋ ಕಾಲ್ ಮಾಡಿದೆ. "ಅಪ್ಪಾ, ಟಿವಿ ರಿಮೋಟಿನಲ್ಲಿ ಸೋರ್ಸ್ ಅಂತ ಬಟನ್ ಇದೆ, ಒತ್ತಿ." ಒತ್ತಿದೆ. ಎಚ್‌ಡಿಎಂಐ 1, ಎಚ್‌ಡಿಎಂಐ 2 ಅಂತ, ಟಿವಿಗೆ ವೈರು ಚುಚ್ಚುವ ತೂತುಗಳ ಹೆಸರು ಸಾಲಾಗಿ ಬಂತು. ಬಾಕ್ಸಿನ ವೈರು ಒಂದರಲ್ಲಿ, ಟಿವಿ ನೋಡುತ್ತಿದ್ದದ್ದು ಎರಡನ್ನು. ಬದಲಿಸಿದ ಕೂಡಲೇ ಧಾರಾವಾಹಿಯ ಅತ್ತೆ ಪರದೆ ತುಂಬ ಬಂದಳು. ಇವಳು ನಕ್ಕಳು. ನನ್ನ ಕೈ ನಡುಗುತ್ತಿತ್ತು.

ಟಿವಿ ಅಂಗಡಿ ಇಟ್ಟಿರುವ ಹಳೇ ಶಿಷ್ಯನೊಬ್ಬನನ್ನು ಕರೆಸಿ ಹಿಂಭಾಗ ಬಿಚ್ಚಿಸಿದೆ. ಒಳಗೆ ಧೂಳು ಹಿಡಿದ ಹಳೇ ಬೋರ್ಡೇ! "ಸರ್, ಅಕ್ಷರ ಕಾಣ್ತಿತ್ತು ಅಂದ್ರೆ ಪರದೆ, ಬೋರ್ಡು ಎರಡೂ ಸರಿ ಇದ್ದವು" ಅಂದ. ಶಿಷ್ಯನ ಕೈಲಿ ಪಾಠ ಕೇಳಿದೆ.

ಆ ಹುಡುಗನಿಗೆ ಮತ್ತೆ ಹಚ್ಚಿ ಕೇಳಿದೆ. "ಕಾಕಾ, ನಿಮ್ಮ ವಯಸ್ಸಿಗೆ ಇವೆಲ್ಲಾ ತಿಳಿಯಂಗಿಲ್ಲ, ಬಿಡ್ರಿ." ದುಡ್ಡಿಗಿಂತ ಇದು ಜಾಸ್ತಿ ಚುಚ್ಚಿತು. ಆಮೇಲೆ ಫೋನೇ ಎತ್ತಲಿಲ್ಲ.

ಮೊದಲು ಸೋರ್ಸ್ ಬಟನ್ ಒತ್ತಿ ನೋಡಿ. ನಂಬರು ಬೇಕಾದರೆ ಟಿವಿ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ನನ್ನದು ಕಪಾಟಿನಲ್ಲೇ ಇತ್ತು, ಸುಡುಗಾಡು! ತೆಗೆದ ಹಳೇ ಬೋರ್ಡ್ ನಿಮ್ಮ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಎದುರಿಗೇ ಕುಳಿತಿರಿ, ನೀರು ಬೇಕಾದರೆ ಮೊದಲೇ ತಂದಿಡಿ.

ಮಗಳು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದಾಳೆ. ದುಡ್ಡು ಇನ್ನೂ ಬಂದಿಲ್ಲ. ಬಿಲ್ಲೂ ಬಂದಿಲ್ಲ.