ಮೀಟಿಯರ್ 350ಕ್ಕೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ: ಮಲೆನಾಡಿನಲ್ಲಿ ಓಡಿಸಿ ನೋಡಿದ ಮೇಲೆ

ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕಿಗೆ ಸ್ಪೋಕ್ (ಕಡ್ಡಿ) ಚಕ್ರ ಹಾಕಿಸುವ ಆಸೆ ಇದ್ದರೆ ಟ್ಯೂಬ್‌ಲೆಸ್, ಅಂದರೆ ಟೈರಿನೊಳಗೆ ಟ್ಯೂಬ್ ಬೇಡದ ಸೆಟ್ಟನ್ನೇ ಹುಡುಕಿ. ಅದು ಸಿಗದಿದ್ದರೆ ಕಂಪನಿಯ ಅಲಾಯ್ ಚಕ್ರವೇ (ಕಡ್ಡಿ ಇಲ್ಲದ, ಎರಕದ ಚಕ್ರ) ಇರಲಿ ಬಿಡಿ.

ನನ್ನ ಓಡಾಟ ಜಾಸ್ತಿ ಮೂಡಿಗೆರೆ ಕಡೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಟೈರಿಗೆ ಮೊಳೆ ಹೊಕ್ಕರೆ, ಟ್ಯೂಬ್ ಇದ್ದ ಗಾಡಿಯಲ್ಲಿ ಗಾಳಿ ಬೇಗ ಇಳಿದುಹೋಗುತ್ತದೆ. ಆಮೇಲೆ ಚಕ್ರ ಬಿಚ್ಚಬೇಕು. ಮಳೆಯಲ್ಲಿ, ಆ ತಿರುವಿನಲ್ಲಿ ಯಾರು ಬಿಚ್ಚುತ್ತಾರೆ? ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ರಬ್ಬರ್ ಪ್ಲಗ್ ತುರುಕಿ, ಗಾಳಿ ಹೊಡೆದು ಹೊರಡಬಹುದು.

ಸಾಮಾನ್ಯ ಸ್ಪೋಕ್ ಚಕ್ರದಲ್ಲಿ ಕಡ್ಡಿಗಳು ರಿಮ್ಮಿನ ನಡುಭಾಗದ ತೂತುಗಳಿಗೆ ಸೇರುತ್ತವೆ. ಅಲ್ಲಿ ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಟ್ಯೂಬ್ ಬೇಕೇ ಬೇಕು. 2023ರಲ್ಲಿ ಬಂದ ಮೀಟಿಯರ್‌ನ ಅರೋರಾ ಮಾದರಿಗೆ ರಾಯಲ್ ಎನ್‌ಫೀಲ್ಡ್ ಕೊಟ್ಟಿದ್ದೂ ಟ್ಯೂಬ್ ಇರುವ ಸ್ಪೋಕ್ ಚಕ್ರವೇ. ನೋಡಲು ತುಂಬಾ ಚೆಂದ, ಆದರೆ ಘಾಟಿಯ ಓಡಾಟಕ್ಕೆ ನನಗೆ ಬೇಡ. ನಾನು ತಂದ ಸೆಟ್ಟಿನಲ್ಲಿ ಕಡ್ಡಿಗಳು ರಿಮ್ಮಿನ ಎರಡೂ ಅಂಚಿಗೆ, ಟೈರ್ ಕೂರುವ ಜಾಗದಿಂದ ಹೊರಗೆ ಸೇರುತ್ತವೆ. ಒಳಗೆ ಒಂದೂ ಕಡ್ಡಿಯ ತೂತಿಲ್ಲ. ಗಾಳಿ ನಿಲ್ಲುವ ಗುಟ್ಟು ಅಷ್ಟೇ.

ಹಾಕಿಸಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಅಳತೆ ಮೊದಲಿನದ್ದೇ: ಮುಂದೆ 19 ಇಂಚು, ಹಿಂದೆ 17. ಹಾಗಾಗಿ 100/90, 140/70 ಟೈರುಗಳನ್ನೇ ವಾಪಸ್ ಏರಿಸಿದರು. ನನಗೆ ಹಿಡಿಸಿದ್ದು ಅಲ್ಲಿನ ಮೆಕ್ಯಾನಿಕ್ ಕೆಲಸ. ಹಬ್ಬಿನ ಬೇರಿಂಗ್, ಡಿಸ್ಕಿನ ಬೋಲ್ಟ್ ತೂತು, ಸ್ಪೇಸರ್, ಹಿಂದಿನ ಚಕ್ರದ ಒಳಗಿನ ರಬ್ಬರ್ ಎಲ್ಲವನ್ನೂ ಹಳೆಯದರ ಪಕ್ಕ ಇಟ್ಟು ತಾಳೆ ನೋಡಿದರು. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ರಿಂಗಿಗೂ ಸೆನ್ಸರಿಗೂ ನಡುವಿನ ಸಂದನ್ನು ಎರಡು ಸಲ ಅಳೆದರು. ಅದು ಹೆಚ್ಚುಕಮ್ಮಿಯಾದರೆ ಎಬಿಎಸ್ ಕೈಕೊಡುತ್ತದೆ. ಚಕ್ರದ ಹೊಳಪಿಗಿಂತ ಮೊದಲು ನೋಡಬೇಕಾದ್ದು ಇದು ಅಲ್ವಾ?

ಇನ್ನೊಂದು ಅಂಗಡಿಯವರು ಕ್ರೋಮ್ ಲೇಪದ ಕಡ್ಡಿ ತಗೊಳ್ಳಿ, ಅಗ್ಗ ಅಂದಿದ್ದರು. ನಮ್ಮ ಮಳೆಗೆ ಅದು ಬೇಡ. ಲೇಪ ಎದ್ದ ಕಡೆ ತುಕ್ಕು ಶುರುವಾಗುತ್ತದೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯನ್ನೇ ಕೇಳಿ ತಗೊಳ್ಳಿ.

ಸವಾರಿ ಮೆತ್ತಗಾಯಿತು ಅಂತ ನಾನು ಹೇಳುವುದಿಲ್ಲ. ಆ ಕೆಲಸ ಸಸ್ಪೆನ್ಶನ್‌ದು. ಆದರೆ ಗುಂಡಿಗೆ ಜೋರಾಗಿ ಬಿದ್ದಾಗ ಅಲಾಯ್ ಬಿರುಕು ಬಿಟ್ಟರೆ ಆ ಚಕ್ರ ಎಸೆಯಬೇಕಾಗುತ್ತದೆ. ಸ್ಪೋಕ್ ಚಕ್ರ ಸ್ವಲ್ಪ ಔಟ್ ಆದರೆ, ಅಂದರೆ ಸೊಟ್ಟಗಾದರೆ, ಕಡ್ಡಿ ಬಿಗಿ ಮಾಡಿ ಸರಿಮಾಡಬಹುದು. ಕಾಫಿ ತೋಟದ ರಸ್ತೆಗಳಲ್ಲಿ ಈ ಧೈರ್ಯ ದೊಡ್ಡದು.

ಹೊಸ ಕಡ್ಡಿಗಳು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸಡಿಲವಾಗಬಹುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ತಿರುಗಿಸುತ್ತಾ ಒಂದೊಂದೇ ಕಡ್ಡಿಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ಬಿಗಿ ಮಾಡುವ ಕೆಲಸ ಮಾತ್ರ ತಿಳಿದವರಿಗೇ ಕೊಡಿ. ಅಂಥವರು ನಿಮ್ಮ ಊರಿನ ಹತ್ತಿರ ಇದ್ದಾರಾ ಅಂತ ವಿಚಾರಿಸಿಕೊಂಡೇ ಚಕ್ರಕ್ಕೆ ಮುಂಗಡ ಕೊಡಿ.